ಶಾಲೆಯ ಪಾದ್ರಿ ಮತ್ತು ಉರುಳುವ ವರ್ಷ: ನಾಗಪುರ, ಬೆಂಗಳೂರು, ಮಂಗಳೂರು

1. ಹುದ್ದೆ ಮತ್ತು ಹೆಸರು

ಶಾಲೆಗೆಂದೇ ನೇಮಕವಾದ ಪಾದ್ರಿಯನ್ನು ಚಾಪ್ಲೇನ್ ಎನ್ನುತ್ತಾರೆ. ಊರಿನ ಸಭೆಯನ್ನು ನೋಡಿಕೊಳ್ಳುವ ಸಭಾಪಾಲಕರ ಕೆಲಸವೇ ಬೇರೆ, ಇವರದೇ ಬೇರೆ. ಸಭಾಪಾಲಕರ ಎದುರು ಕೂರುವವರು ಒಂದೇ ನಂಬಿಕೆಯವರು; ತಾವಾಗಿ ಬಂದವರು; ಎಷ್ಟೋ ಮಂದಿ ತೊಟ್ಟಿಲಿನಿಂದ ಸಮಾಧಿಯವರೆಗೆ ಅದೇ ಸಭೆಯಲ್ಲಿ ಬಾಳುವವರು. ಶಾಲೆಯ ಪಾದ್ರಿಯ ಎದುರು ನಿಲ್ಲುವವರು ಗಂಟೆ ಹೊಡೆದದ್ದಕ್ಕೆ ಬಂದ ಮಕ್ಕಳು. ಅವರಲ್ಲಿ ಹಿಂದೂ, ಮುಸ್ಲಿಂ, ಬೌದ್ಧ, ಜೈನ, ಕ್ರೈಸ್ತ ಎಲ್ಲ ಮನೆಗಳವರೂ ಇರುತ್ತಾರೆ. ಹತ್ತು ಹನ್ನೆರಡು ವರ್ಷ ಇದ್ದು, ಟಿ.ಸಿ. ತೆಗೆದುಕೊಂಡು ಹೋಗುತ್ತಾರೆ, ಅವರ ಬೆಂಚಿಗೆ ಹೊಸಬರು ಬರುತ್ತಾರೆ. ವರ್ಷ ವರ್ಷವೂ ಒಂದಿಷ್ಟು ಕರಗಿ ಒಂದಿಷ್ಟು ಹೊಸದಾಗುವ ಮಂದೆ ಇವರದು. ಅದರಿಂದಲೇ ವರ್ಷ ಎಂಬುದು ಈ ಸೇವೆಗೆ ಅಳತೆಗೋಲೂ ಹೌದು, ತೊಡಕೂ ಹೌದು. ಬಿತ್ತಿದ್ದು ಮೊಳೆಯಿತೋ ಇಲ್ಲವೋ ಎಂದು ನೋಡುವ ಮೊದಲೇ ಮಗು ಗೇಟು ದಾಟಿರುತ್ತದೆ.

ಹೆಸರಿನ ಮೂಲ ಒಂದು ಮೇಲಂಗಿಯಲ್ಲಿದೆ. ನಾಲ್ಕನೆಯ ಶತಮಾನದ ಸಂತ ಮಾರ್ಟಿನ್ ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತಮ್ಮ ಮೇಲಂಗಿಯನ್ನು ಸೀಳಿ ಅರ್ಧ ಕೊಟ್ಟರೆಂಬುದು ಐತಿಹ್ಯ. ಆ ಅಂಗಿಯನ್ನು ಫ್ರಾಂಕ್ ಅರಸರು ಪವಿತ್ರ ವಸ್ತುವಾಗಿ ಕಾಪಾಡಿದರು. ಲ್ಯಾಟಿನ್ನಿನಲ್ಲಿ ಮೇಲಂಗಿಗೆ ‘ಕಪ್ಪ’. ಅದನ್ನು ಇಟ್ಟ ಪುಟ್ಟ ಗುಡಿ ‘ಚಾಪೆಲ್’ ಆಯಿತು, ಕಾಯುವ ಪುರೋಹಿತರು ‘ಚಾಪ್ಲೇನ್’ ಆದರು. ಕನ್ನಡದ ‘ಪಾದ್ರಿ’ ಪೋರ್ಚುಗೀಸರಿಂದ ಬಂದದ್ದು. ಅದರ ಅರ್ಥ ತಂದೆ. ಒಂದು ಹೆಸರಿನಲ್ಲಿ ಕಾಯುವ ಕೆಲಸವಿದೆ, ಇನ್ನೊಂದರಲ್ಲಿ ಸಾಕುವ ಕೆಲಸವಿದೆ. ಶಾಲೆಯಲ್ಲಿ ಎರಡೂ ಬೇಕಾಗುತ್ತವೆ.

ಭಾರತದಲ್ಲಿ ಈ ಹುದ್ದೆಗೆ ಎರಡು ತೊರೆಗಳು ಬಂದು ಕೂಡಿವೆ. ಈಸ್ಟ್ ಇಂಡಿಯಾ ಕಂಪನಿ ತನ್ನ ದಂಡು ಮತ್ತು ಕಚೇರಿಗಳ ಯುರೋಪಿಯನ್ನರಿಗಾಗಿ ಸಂಬಳ ಕೊಟ್ಟು ಇಟ್ಟುಕೊಂಡ ಪಾದ್ರಿಗಳು ಮೊದಲನೆಯವರು. ಮಿಷನ್ ಸಂಘಗಳು ಕಳಿಸಿದವರು ಎರಡನೆಯವರು. ಇವರಿಗೆ ಕಂಪನಿಯ ಸೀಮೆಯಲ್ಲಿ ದಾರಿ ತೆರೆದದ್ದು 1813ರ ಸನದು ಕಾಯಿದೆ. ಮೊದಲನೆಯವರು ಕಂಟೋನ್ಮೆಂಟಿನಲ್ಲಿ ನೆಲೆನಿಂತರು. ಎರಡನೆಯವರು ಪೇಟೆಗೂ ಹಳ್ಳಿಗೂ ಹೋಗಿ ದೇಶಭಾಷೆ ಕಲಿತು ಶಾಲೆ ತೆರೆದರು. ಇಂದು ಮಿಷನ್ ಶಾಲೆಯಲ್ಲಿ ಕಾಣುವ ಪಾದ್ರಿ ಈ ಇಬ್ಬರ ವಾರಸುದಾರರು.

2. ನಾಗಪುರ: ಸ್ಟೀಫನ್ ಹಿಸ್ಲಪ್

ಇಂಥ ಪಾದ್ರಿಯ ಕೆಲಸವನ್ನು ನೋಡಲು ಒಂದು ಸಣ್ಣ ಊರಿನಿಂದ ಹೊರಡೋಣ. ಕಳಮೇಶ್ವರ ನಾಗಪುರಕ್ಕೆ ಪಶ್ಚಿಮದಲ್ಲಿ, ಇಟಾರ್ಸಿಗೆ ಹೋಗುವ ರೈಲುದಾರಿಯ ಮೇಲಿರುವ ತಾಲೂಕು ಪಟ್ಟಣ. ಧಾರವಾಡ, ಬೆಳಗಾವಿ ಕಡೆಯವರಿಗೆ ಕಲ್ಮೇಶ್ವರ ಎಂಬುದು ಊರದೇವರ ಹೆಸರಾಗಿ ಪರಿಚಿತ. ಇಲ್ಲಿ ಅದು ಊರಿನ ಹೆಸರು. ಸುತ್ತ ಕಿತ್ತಳೆ ತೋಟಗಳು, ಪಕ್ಕದಲ್ಲಿ ಕಾರ್ಖಾನೆಗಳ ವಸಾಹತು. ಈ ಸೀಮೆಯ ಮಿಷನ್ ಶಿಕ್ಷಣದ ಕಥೆ ಶುರುವಾಗುವುದು ಸ್ಕಾಟ್ಲೆಂಡಿನ ಫ್ರೀ ಚರ್ಚ್ ಕಳಿಸಿದ ಸ್ಟೀಫನ್ ಹಿಸ್ಲಪ್ ಅವರಿಂದ.

ಹಿಸ್ಲಪ್ ಹುಟ್ಟಿದ್ದು 1817ರಲ್ಲಿ, ಡನ್ಸ್ ಎಂಬ ಊರಿನಲ್ಲಿ. 1845ರಲ್ಲಿ ಅವರು ನಾಗಪುರಕ್ಕೆ ಬಂದಾಗ ಅದು ಇನ್ನೂ ಭೋಂಸಲೆ ಅರಸರ ರಾಜಧಾನಿ. ಮರಾಠಿ ಕಲಿತು 1846ರಲ್ಲಿ ಶಾಲೆ ತೆರೆದರು. ಅದರ ಬಳ್ಳಿ ಹಬ್ಬಿ 1883ರಲ್ಲಿ ಕಾಲೇಜು ಹುಟ್ಟಿತು. ಹಿಸ್ಲಪ್ ಕಾಲೇಜು ಎಂಬ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ. ಪಾಠ, ಪ್ರಸಂಗಗಳ ನಡುವೆ ಅವರ ಕೈಯಲ್ಲಿ ಸದಾ ಇದ್ದದ್ದು ಸುತ್ತಿಗೆ. ಸಂಗಡಿಗ ಪಾದ್ರಿ ರಾಬರ್ಟ್ ಹಂಟರ್ ಅವರೊಂದಿಗೆ ನಾಗಪುರ ಸುತ್ತಿನ ಕಲ್ಲುಪದರಗಳನ್ನು ಪರೀಕ್ಷಿಸಿ, ದಖ್ಖನ್ ಲಾವಾದ ಹಾಸುಗಳ ನಡುವೆ ಸಿಕ್ಕಿಕೊಂಡಿದ್ದ ಸಿಹಿನೀರಿನ ಶಂಖಗಳನ್ನೂ ಗಿಡಗಳ ಅಚ್ಚುಗಳನ್ನೂ ಸಂಗ್ರಹಿಸಿದರು; ಲಂಡನ್ನಿನ ಭೂವಿಜ್ಞಾನ ಸಂಘದ ಪತ್ರಿಕೆಯಲ್ಲಿ ಬರೆದರು. ಹಿಸ್ಲಪೈಟ್ ಎಂಬ ಖನಿಜಕ್ಕೆ ಅವರದೇ ಹೆಸರು. ಗೊಂಡ ಬುಡಕಟ್ಟಿನವರ ನಡುವೆ ಓಡಾಡಿ ಅವರ ಮಾತು, ಆಚಾರ, ಅವರ ಪುರಾಣನಾಯಕ ಲಿಂಗೋನ ಕಥನಗೀತವನ್ನು ಬರೆದಿಟ್ಟರು.

1863ರ ಸೆಪ್ಟೆಂಬರ್ 4ರಂದು, ನಾಗಪುರದ ದಕ್ಷಿಣಕ್ಕಿರುವ ಟಾಕಳಘಾಟದ ಪುರಾತನ ಕಲ್ಲುವೃತ್ತಗಳನ್ನು ನೋಡಿಕೊಂಡು ಹಿಂದಿರುಗುವಾಗ ಮಳೆಯಿಂದ ತುಂಬಿದ ಹಳ್ಳದಲ್ಲಿ ಮುಳುಗಿ ಹಿಸ್ಲಪ್ ತೀರಿಕೊಂಡರು. ನಾಲ್ಕು ದಿನ ಕಳೆದಿದ್ದರೆ ಅವರಿಗೆ 46 ತುಂಬುತ್ತಿತ್ತು. ಬಿಟ್ಟುಹೋದ ಟಿಪ್ಪಣಿಗಳನ್ನು ಮಧ್ಯಪ್ರಾಂತ್ಯದ ಚೀಫ್ ಕಮಿಷನರ್ ರಿಚರ್ಡ್ ಟೆಂಪಲ್ 1866ರಲ್ಲಿ ಅಚ್ಚು ಹಾಕಿಸಿದರು. ಗೊಂಡರ ಅಧ್ಯಯನಕ್ಕೆ ಅದು ಮೊದಲ ಆಧಾರಗಳಲ್ಲಿ ಒಂದು. ಹದಿನೆಂಟು ವರ್ಷದ ಸೇವೆಯಲ್ಲಿ ಹಿಸ್ಲಪ್ ಗುರಿಯಾಗಿ ಇಟ್ಟುಕೊಂಡದ್ದು ಸುವಾರ್ತೆಯನ್ನು. ನಾಡು ನೆನಪಿಟ್ಟುಕೊಂಡದ್ದು ಶಾಲೆ, ಕಲ್ಲು ಮತ್ತು ಗೊಂಡರ ಕಥೆಯನ್ನು.

3. ಬೆಂಗಳೂರು: ಕಾಟನ್, ಪೆಟಿಗ್ರೂ, ಪೋಪ್

ಬೆಂಗಳೂರಿನ ಕಥೆಯ ಬೇರು ಇಂಗ್ಲೆಂಡಿನಲ್ಲಿದೆ. ಅಲ್ಲಿನ ರಗ್ಬಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯ ಥಾಮಸ್ ಆರ್ನಲ್ಡ್ 1831ರಲ್ಲಿ ಚಾಪ್ಲೇನ್ ಹುದ್ದೆಯನ್ನೂ ತಾವೇ ವಹಿಸಿಕೊಂಡರು. ಪಾಠ ಹೇಳುವವನೇ ಪ್ರಸಂಗ ಮಾಡಬೇಕು, ಶೀಲ ಬೆಳೆಯುವುದು ತರಗತಿಗಿಂತ ಪ್ರಾರ್ಥನಾ ಮಂದಿರದಲ್ಲಿ ಎಂಬುದು ಅವರ ನಿಲುವು. ಅವರ ಕೈಕೆಳಗೆ ಮಾಸ್ತರರಾಗಿದ್ದ ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್ 1858ರಲ್ಲಿ ಕಲ್ಕತ್ತೆಯ ಬಿಷಪ್ ಆಗಿ ಬಂದರು. 1857ರ ದಂಗೆ ಆಗತಾನೇ ಅಡಗಿತ್ತು. ಭಾರತದಲ್ಲೇ ನೆಲೆಸಿದ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಸಾಕಷ್ಟು ಶಾಲೆಗಳಿಲ್ಲವೆಂದು ಕಂಡ ಕಾಟನ್ ಶಿಮ್ಲಾದಿಂದ ಆರಂಭಿಸಿದರು. ನಾಗಪುರದಲ್ಲೂ ಬೆಂಗಳೂರಿನಲ್ಲೂ ಅವರ ಹೆಸರಿನ ಶಾಲೆಗಳು 1860ರ ದಶಕದಲ್ಲೇ ಹುಟ್ಟಿದವು.

ಬೆಂಗಳೂರಿನ ಶಾಲೆಯನ್ನು 1865ರಲ್ಲಿ ಕಟ್ಟಿದವರು ಸೇಂಟ್ ಮಾರ್ಕ್ಸ್ ಚರ್ಚಿನ ಚಾಪ್ಲೇನ್ ಸ್ಯಾಮ್ಯುಯೆಲ್ ಥಾಮಸ್ ಪೆಟಿಗ್ರೂ. ಹೈಗ್ರೌಂಡ್ಸಿನ ಒಂದು ಬಂಗಲೆಯಲ್ಲಿ ಶುರುವಾದ ಶಾಲೆ ಆಮೇಲೆ ಈಗಿನ ಸೇಂಟ್ ಮಾರ್ಕ್ಸ್ ರಸ್ತೆಯ ಜಾಗಕ್ಕೆ ಬಂತು. ಪೆಟಿಗ್ರೂ ನಿವೃತ್ತರಾದ ಮೇಲೆ ತಮ್ಮ ಚಾಪ್ಲೇನ್ ದಿನಗಳ ನೆನಪುಗಳನ್ನು ಬರೆದು 1882ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು.

1871ರಿಂದ ಸುಮಾರು ಹತ್ತು ವರ್ಷ ಶಾಲೆಯನ್ನು ನಡೆಸಿದವರು ಜಾರ್ಜ್ ಉಗ್ಲೋ ಪೋಪ್. ಆಮೇಲೆ ಆಕ್ಸ್‌ಫರ್ಡಿನಲ್ಲಿ ತಮಿಳು ಕಲಿಸಿದ ಇವರು 1886ರಲ್ಲಿ ತಿರುಕ್ಕುರಳ್, 1900ರಲ್ಲಿ ತಿರುವಾಚಕಂ ಕೃತಿಗಳನ್ನು ಇಂಗ್ಲಿಷಿಗೆ ತಂದರು. ಕ್ರೈಸ್ತ ಪಾದ್ರಿಯೊಬ್ಬರು ಇಳಿವಯಸ್ಸಿನಲ್ಲಿ ಶೈವ ಭಕ್ತಿಯ ಪದಗಳ ಮುಂದೆ ಕೂತು ಒಂದೊಂದಾಗಿ ಭಾಷಾಂತರಿಸಿದ್ದು ಈ ಸೇವೆಯ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ. ಶಾಲೆಗೆ ಹೆಸರು ಕೊಟ್ಟ ಕಾಟನ್ ಮಾತ್ರ ಅಷ್ಟು ದಿನ ಬಾಳಲಿಲ್ಲ. 1866ರ ಅಕ್ಟೋಬರ್ 6ರಂದು ಬಂಗಾಳದ ಕುಷ್ಟಿಯಾದಲ್ಲಿ ದೋಣಿಗೆ ಹತ್ತುವಾಗ ಹಲಗೆಯಿಂದ ಜಾರಿ ಗೊರಾಯಿ ನದಿಗೆ ಬಿದ್ದರು, ದೇಹ ಸಿಗಲಿಲ್ಲ. ಮೂರು ವರ್ಷಗಳ ಅಂತರದಲ್ಲಿ ಶಾಲೆ ಕಟ್ಟಿದ ಇಬ್ಬರು ಪಾದ್ರಿಗಳು ನೀರುಪಾಲಾದರು. ಇಬ್ಬರ ಶಾಲೆಗಳೂ ಉಳಿದವು.

4. ಮಂಗಳೂರು: ವರದಿ ಎಂಬ ಬರವಣಿಗೆ

ಕನ್ನಡ ನಾಡಿನಲ್ಲಿ ಶಾಲೆ ಮತ್ತು ಪಾದ್ರಿ ಒಂದೇ ಉಸಿರಿನಲ್ಲಿ ನೆನಪಾಗುವುದು ಬಾಸೆಲ್ ಮಿಷನ್ನಿನಿಂದ. ಇವರ ಮೊದಲ ತಂಡ 1834ರಲ್ಲಿ ಮಂಗಳೂರಿಗೆ ಬಂತು. 1836ರಲ್ಲಿ ಬಂದ ಹೆರ್ಮನ್ ಮ್ಯೋಗ್ಲಿಂಗ್ ಹುಡುಗರಿಗೆ ಪಾಠ ಹೇಳುತ್ತಲೇ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರತಂದು ಕನ್ನಡದ ಮೊದಲ ಪತ್ರಿಕೆಯ ಸಂಪಾದಕರಾದರು. ಹಳೆಯ ಕನ್ನಡ ಕಾವ್ಯಗಳನ್ನೂ ದಾಸರ ಪದಗಳನ್ನೂ ಅಚ್ಚಿಗೆ ತಂದರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರ ನಿಘಂಟು ಹೊರಬರಲು 1894ರವರೆಗೆ ಕಾಯಬೇಕಾಯಿತು.

ಈ ಶಾಲೆಗಳ ಒಳಗಿನ ಬಿಕ್ಕಟ್ಟು ಬಹಳ ಬೇಗ ಹೊರಬಿತ್ತು. 1844ರಲ್ಲಿ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ಕೌಂಡಿನ್ಯರು ಬಾಸೆಲಿಗೆ ಹೋಗಿ ಓದಿ, ಪಾದ್ರಿಯಾಗಿ ಮರಳಿ, ಮಂಗಳೂರಿನ ದೈವಜ್ಞಾನ ಶಾಲೆಯಲ್ಲಿ ಕಲಿಸಿದರು. ಮಿಷನ್ನಿನ ದೃಷ್ಟಿಯಲ್ಲಿ ಅದು ಫಲ. ಮಗನನ್ನು ಓದಿಗೆ ಕಳಿಸಿದ್ದ ತಂದೆತಾಯಿಗಳ ದೃಷ್ಟಿಯಲ್ಲಿ ನಂಬಿಕೆದ್ರೋಹ. ಶಾಲೆ ನಡೆಯಬೇಕಾದರೆ ಊರಿನ ವಿಶ್ವಾಸ ಬೇಕು. ಆ ವಿಶ್ವಾಸಕ್ಕೆ ಪಾದ್ರಿ ತನ್ನ ಉತ್ಸಾಹದಲ್ಲಿ ಒಂದು ಪಾಲನ್ನು ತೆರಬೇಕು. ಅಂದಿನಿಂದ ಇಂದಿನವರೆಗೆ ಶಾಲೆಯ ಪಾದ್ರಿ ನಡೆಯುವುದು ಈ ಕಿರಿದಾದ ಬದುವಿನ ಮೇಲೆ.

ಬಾಸೆಲ್ ಮಿಷನ್ ಇನ್ನೊಂದು ಅಭ್ಯಾಸವನ್ನೂ ತಂದಿತು: ವಾರ್ಷಿಕ ವರದಿ. ಪ್ರತಿ ಠಾಣೆಯ ಮಿಷನರಿ ವರ್ಷ ಮುಗಿದಾಗ ತನ್ನ ಕೆಲಸದ ವಿವರ ಬರೆದು ಕಳಿಸಬೇಕಿತ್ತು. ವರದಿಗಳಲ್ಲಿ ಒಂದು ಭಾಗ ಅಂಕಿಗಳ ಪಟ್ಟಿ: ಸಭೆಯವರು ಎಷ್ಟು, ದೀಕ್ಷಾಸ್ನಾನ ಎಷ್ಟು, ಶಾಲೆ ಎಷ್ಟು, ಹುಡುಗ ಹುಡುಗಿಯರು ಎಷ್ಟು. ಇನ್ನೊಂದು ಭಾಗ ಕಥನ: ಕಾಲರಾ ಬಂದದ್ದು, ಮಳೆ ಕೈಕೊಟ್ಟದ್ದು, ಯಾರೋ ಸತ್ತದ್ದು, ಯಾರೋ ಬಿಟ್ಟುಹೋದದ್ದು. ಪಾದ್ರಿ ತನ್ನ ವರ್ಷವನ್ನು ತಾನೇ ತೂಗಿ ನೋಡುವ ಬರವಣಿಗೆಗೆ ನಮ್ಮಲ್ಲಿ ಇದು ಹಳೆಯ ಮಾದರಿ. ಪಟ್ಟಿ ಕೇಳುವವರಿಗಾಗಿ, ಕಥನ ಬರೆಯುವವರಿಗಾಗಿ. ಓದುಗರು ಇಂದು ಹುಡುಕಿ ಓದುವುದು ಎರಡನೆಯದನ್ನು.

5. ಒಂದು ಅಂಗಳ, ನಾಲ್ಕು ಪಂಚಾಂಗ

ಕಳಮೇಶ್ವರದಂಥ ಊರಿನ ಶಾಲೆಯಲ್ಲಿ ವರ್ಷ ಒಂದೇ ಅಲ್ಲ. ಗೋಡೆಯ ಕ್ಯಾಲೆಂಡರಿನ ವರ್ಷ ಜನವರಿಯಿಂದ ಡಿಸೆಂಬರ್. ಶಾಲೆಯ ವರ್ಷ ಮಳೆಯೊಡನೆ ಹುಟ್ಟಿ ಬಿಸಿಲಿಗೆ ಮುಗಿಯುತ್ತದೆ. ಸುಡುಬೇಸಗೆಯ ಕಾರಣಕ್ಕೆ ವಿದರ್ಭದ ಶಾಲೆಗಳು ಮಹಾರಾಷ್ಟ್ರದ ಉಳಿದ ಕಡೆಗಿಂತ ತಡವಾಗಿ, ಜೂನ್ ಕೊನೆಯ ಹೊತ್ತಿಗೆ ಬಾಗಿಲು ತೆಗೆಯುತ್ತವೆ. ಮೂರನೆಯದು ಕ್ರೈಸ್ತ ಆರಾಧನೆಯ ವರ್ಷ. ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬೀಳುವ ಭಾನುವಾರ ಆಗಮನ ಕಾಲ ಆರಂಭವಾಗುತ್ತದೆ. ಅದೇ ಹೊಸ ವರ್ಷದ ಮೊದಲ ದಿನ. ಅಲ್ಲಿಂದ ಕ್ರಿಸ್ಮಸ್, ಶ್ರಮಕಾಲ, ಈಸ್ಟರ್, ಪಂಚಾಶತ್ತಮ ದಿನ, ಕೊನೆಗೆ ಕ್ರಿಸ್ತರಾಜನ ಹಬ್ಬ. ಈಸ್ಟರಿನ ಲೆಕ್ಕ ಯುಗಾದಿಯಂತೆಯೇ ಚಂದ್ರನನ್ನು ನಂಬಿದ್ದು: ಮಾರ್ಚ್ 21ರಂದು ಅಥವಾ ಅನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರ. ಹಾಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಓಲಾಡುತ್ತದೆ, ಎಷ್ಟೋ ವರ್ಷ ಪರೀಕ್ಷೆಯ ನಡುವೆಯೇ ಬೀಳುತ್ತದೆ. ಶುಭ ಶುಕ್ರವಾರದ ಮೌನ, ಗಣಿತದ ಪತ್ರಿಕೆಯ ಭಯ ಒಂದೇ ವಾರದಲ್ಲಿ ಮಕ್ಕಳ ಮೇಲೆ ಬರುತ್ತವೆ.

ನಾಲ್ಕನೆಯದು ಕಿತ್ತಳೆಯ ವರ್ಷ. ನಾಗಪುರದ ಕಿತ್ತಳೆಗೆ ಎರಡು ಬಹಾರ್, ಅಂದರೆ ಹೂ ಬಿಡುವ ಕಾಲ. ಮೃಗ ಬಹಾರ್ ಜೂನಿನ ಮೊದಲ ಮಳೆಗೆ ಹೂ ಬಿಟ್ಟು ಫೆಬ್ರುವರಿಯ ಹೊತ್ತಿಗೆ ಹಣ್ಣು ಕೊಡುತ್ತದೆ. ಹೆಸರು ಬಂದದ್ದು ನಮ್ಮ ರೈತರೂ ಬಲ್ಲ ಮೃಗಶಿರಾ ಮಳೆಯಿಂದ. ಅಂಬಿಯಾ ಬಹಾರ್ ಜನವರಿ, ಫೆಬ್ರುವರಿಯಲ್ಲಿ ಹೂ ಬಿಟ್ಟು ದೀಪಾವಳಿಯ ಆಚೀಚೆ ಕೊಯ್ಲಿಗೆ ಬರುತ್ತದೆ. ಅಂಬಿಯಾ ಹೂ ತಾನಾಗಿ ಬರುವುದಿಲ್ಲ. ಚಳಿಗಾಲ ಶುರುವಾದಾಗ ರೈತ ಗಿಡಕ್ಕೆ ನೀರು ನಿಲ್ಲಿಸುತ್ತಾನೆ. ಮರಾಠಿಯಲ್ಲಿ ಇದಕ್ಕೆ ‘ತಾಣ’ ಕೊಡುವುದು ಎನ್ನುತ್ತಾರೆ. ವಾರಗಟ್ಟಲೆ ಒಣಗಿಸಿ, ಎಲೆ ಬಾಡಿ ಮುದುಡಿದ ಮೇಲೆ ಪಾತಿ ಬಿಡಿಸಿ, ಗೊಬ್ಬರ ಹಾಕಿ, ಹದವಾಗಿ ನೀರು ಬಿಡುತ್ತಾನೆ. ಆಗ ಮರ ಮೈತುಂಬ ಮೊಗ್ಗಾಗುತ್ತದೆ. ಬೇಗ ನೀರು ಕೊಟ್ಟರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ತಡಮಾಡಿದರೆ ಕೊಂಬೆಯೇ ಒಣಗುತ್ತದೆ.

ತೋಟ ಒಣಗಿ ನಿಂತ ಆ ದಿನಗಳೇ ಚರ್ಚಿನಲ್ಲಿ ಆಗಮನ ಕಾಲ, ಅಂದರೆ ಕಾಯುವ ಕಾಲ. ಕಿತ್ತಳೆ ಬೆಳೆಗಾರರ ಮಕ್ಕಳ ಮುಂದೆ ಕಾಯುವುದೆಂದರೇನು ಎಂದು ವಿವರಿಸಬೇಕಾದ ಪಾದ್ರಿಗೆ ಪ್ಯಾಲೆಸ್ಟೈನಿನ ಉಪಮೆಯೇ ಬೇಕಾಗಿಲ್ಲ. ಯಾವ ಪಂಚಾಂಗದ ಮಾತನ್ನು ಯಾವ ಪಂಚಾಂಗದ ಮಾತಿನಿಂದ ತಿಳಿಸಬೇಕು ಎಂಬ ಅರಿವೇ ಈ ಸೇವೆಯ ಕಸುಬುಗಾರಿಕೆ. ಮಂಗಳೂರು ಕರಾವಳಿಯ ಕ್ಯಾಥೊಲಿಕರು ಇದನ್ನು ಎಂದೋ ಕಂಡುಕೊಂಡಿದ್ದಾರೆ. ಸೆಪ್ಟೆಂಬರ್ 8ರ ಮರಿಯಮ್ಮನ ಜನ್ಮದಿನ ಅವರಿಗೆ ಹೊಸ ಅಕ್ಕಿಯ ಮೊಂತಿ ಹಬ್ಬವೂ ಹೌದು. ಮಕ್ಕಳು ಹೂ ತಂದು ಅರ್ಪಿಸುತ್ತಾರೆ, ಹೊಸ ತೆನೆಗೆ ಆಶೀರ್ವಾದವಾಗುತ್ತದೆ.

ನಾಗಪುರಕ್ಕೆ ಆಗಮನ ಕಾಲದೊಡನೆ ಇನ್ನೊಂದು ನಂಟು ಇದೆ. ಆರು ಪ್ರಾಟೆಸ್ಟೆಂಟ್ ಸಭೆಗಳು ಕೂಡಿ ಉತ್ತರ ಭಾರತ ಸಭೆ, ಅಂದರೆ ಸಿ.ಎನ್.ಐ., ಹುಟ್ಟಿದ್ದು ಈ ನಗರದ ಆಲ್ ಸೇಂಟ್ಸ್ ಕೆಥೆಡ್ರಲಿನಲ್ಲಿ, 1970ರ ನವೆಂಬರ್ 29ರಂದು. ಅದು ಆಗಮನ ಕಾಲದ ಮೊದಲ ಭಾನುವಾರ. ದಕ್ಷಿಣದಲ್ಲಿ ಸಿ.ಎಸ್.ಐ. 1947ರ ಸೆಪ್ಟೆಂಬರಿನಲ್ಲೇ ಮದ್ರಾಸಿನಲ್ಲಿ ಸ್ಥಾಪನೆಯಾಗಿತ್ತು. ಬಾಸೆಲ್, ವೆಸ್ಲಿಯನ್, ಆಂಗ್ಲಿಕನ್ ಶಾಲೆಗಳು ಕಾಲಕ್ರಮದಲ್ಲಿ ಈ ಒಕ್ಕೂಟಗಳ ಆಡಳಿತಕ್ಕೆ ಬಂದವು.

6. ಬೆಳಗಿನ ಹತ್ತು ನಿಮಿಷ

ಶಾಲೆಯ ಪಾದ್ರಿಯ ಸೇವೆಯೆಲ್ಲ ಸಂಕ್ಷಿಪ್ತವಾಗಿ ಕಾಣುವುದು ಬೆಳಗಿನ ಅಸೆಂಬ್ಲಿಯಲ್ಲಿ. ಸಾಲು ನಿಲ್ಲುವುದು, ಒಂದು ಹಾಡು, ಒಂದು ವಾಕ್ಯ, ಎರಡು ಮಾತು, ಪ್ರಾರ್ಥನೆ, ರಾಷ್ಟ್ರಗೀತೆ. ಪಾದ್ರಿಯ ಪಾಲಿಗೆ ಸಿಗುವುದು ಕೆಲವೇ ನಿಮಿಷ. ಮೈಕು ಕಿರುಚುತ್ತದೆ, ಹಿಂದಿನ ಸಾಲಿನಲ್ಲಿ ಯಾರೋ ಶೂ ಲೇಸು ಕಟ್ಟಿಕೊಳ್ಳುತ್ತಾರೆ, ತಡವಾಗಿ ಬಂದವರು ಗೇಟಿನ ಬಳಿ ತಲೆತಗ್ಗಿಸಿ ನಿಂತಿರುತ್ತಾರೆ. ಒಂದೇ ವಾಕ್ಯ ಆರು ವರ್ಷದ ಮಗುವಿಗೂ ಹದಿನಾರರ ಹುಡುಗನಿಗೂ ತಲುಪಬೇಕು. ಉಪದೇಶ ಉದ್ದವಾದರೆ ಮೊದಲ ಪಿರಿಯಡ್ಡಿನ ಮೇಷ್ಟ್ರಿಗೆ ಸಿಟ್ಟು. ನಿಜವಾದ ಕೆಲಸ ಇದರ ಆಚೆ ಇರುತ್ತದೆ. ಫೇಲಾದವನ ಜೊತೆ ಮೆಟ್ಟಿಲಲ್ಲಿ ಕೂರುವುದು, ತಂದೆ ತೀರಿಕೊಂಡ ಹುಡುಗಿಯ ಮನೆಗೆ ಹೋಗಿ ಸುಮ್ಮನೆ ಇರುವುದು, ಫೀಸು ಕಟ್ಟದ ಮಗುವಿನ ಹೆಸರು ನೋಟಿಸ್ ಬೋರ್ಡಿಗೆ ಬರದಂತೆ ನೋಡಿಕೊಳ್ಳುವುದು.

ಈ ಹತ್ತು ನಿಮಿಷಕ್ಕೆ ಕಾನೂನಿನ ಬೇಲಿಯೂ ಇದೆ. 1854ರ ಶಿಕ್ಷಣ ನೀತಿಯ ವುಡ್ ಆದೇಶಪತ್ರ ಸರ್ಕಾರಿ ಶಾಲೆಗಳಲ್ಲಿ ಮತಬೋಧೆ ಬೇಡವೆಂದಿತು. ಖಾಸಗಿ ಶಾಲೆಗಳಿಗೆ ಲೌಕಿಕ ಶಿಕ್ಷಣದ ಗುಣಮಟ್ಟ ನೋಡಿ ಅನುದಾನ ಕೊಡುವ ಪದ್ಧತಿಯನ್ನು ತಂದಿತು. ಮಿಷನ್ ಶಾಲೆಗಳು ಬೆಳೆದದ್ದು ಈ ಅನುದಾನದ ನೆರಳಿನಲ್ಲಿ. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. 28ನೆಯ ವಿಧಿಯ ಪ್ರಕಾರ ಸರ್ಕಾರದ ಮನ್ನಣೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಮತಬೋಧೆಗೂ ಆರಾಧನೆಗೂ ಕೂರಿಸುವಂತಿಲ್ಲ. ಅಪ್ರಾಪ್ತ ವಯಸ್ಸಿನವರಾದರೆ ಪೋಷಕರ ಒಪ್ಪಿಗೆ ಬೇಕು. ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ನೀತಿಪಾಠ ಎಂಬ ವೇಳಾಪಟ್ಟಿಯ ವಿಂಗಡಣೆ ಇಂಥ ಸಂದರ್ಭದಲ್ಲಿ ಬೆಳೆದದ್ದು. 1956ರಲ್ಲಿ ಅಂಬೇಡ್ಕರ್ ಲಕ್ಷಾಂತರ ಜನರೊಡನೆ ಬೌದ್ಧ ಧರ್ಮ ಸ್ವೀಕರಿಸಿದ ನಾಗಪುರದಲ್ಲಿ ಎಷ್ಟೋ ಮನೆಗಳ ಮಕ್ಕಳಿಗೆ ಧರ್ಮ ಸುಲಭದ ಮಾತಲ್ಲ. ಅದು ಅಜ್ಜ ಅಜ್ಜಿ ಆರಿಸಿಕೊಂಡ ದಾರಿ. ಅದನ್ನು ಬಲ್ಲ ಪಾದ್ರಿ ಪ್ರಾರ್ಥನೆಯ ಪದಗಳನ್ನು ಅಳೆದು ಆಡುತ್ತಾರೆ.

7. ವರ್ಷಾಂತ್ಯದ ಲೆಕ್ಕ

ಹಳೆಯ ವರ್ಷವನ್ನು ಪ್ರಾರ್ಥನೆಯಲ್ಲಿ ಕಳುಹಿಸಿಕೊಡುವ ಪದ್ಧತಿ ಜರ್ಮನಿಯ ಹೆರ್ನ್‌ಹುಟ್ ಊರಿನ ಮೊರೇವಿಯನ್ ಸಭೆಯಲ್ಲಿ ಬೇರುಬಿಟ್ಟಿತು. 1731ರಿಂದ ಆ ಸಭೆ ದಿನಕ್ಕೊಂದು ವಾಕ್ಯದ ಪುಸ್ತಕವನ್ನು ಪ್ರತಿ ವರ್ಷ ಅಚ್ಚು ಮಾಡುತ್ತ ಬಂದಿದೆ. ಮೊರೇವಿಯನ್ನರಿಂದ ಪ್ರಭಾವಿತರಾದ ಜಾನ್ ವೆಸ್ಲಿ ರಾತ್ರಿ ಜಾಗರಣೆಯ ಆರಾಧನೆಯನ್ನು ತಮ್ಮ ಮೆಥಡಿಸ್ಟ್ ಬಳಗದಲ್ಲಿ ರೂಢಿಗೆ ತಂದರು. 1755ರಲ್ಲಿ ಒಡಂಬಡಿಕೆಯ ಆರಾಧನೆಯನ್ನೂ ಆರಂಭಿಸಿದರು. ಅದರಲ್ಲಿ ಸಭೆಯವರು ತಮ್ಮನ್ನು ದೇವರ ಕೈಗೆ ಮತ್ತೆ ಒಪ್ಪಿಸಿಕೊಳ್ಳುತ್ತಾರೆ. ಮೈಸೂರು ಸೀಮೆಗೆ ಈ ಆರಾಧನೆಗಳನ್ನು ತಂದವರು ವೆಸ್ಲಿಯನ್ ಮಿಷನ್ನಿನವರು. ಇಂದು ಕರ್ನಾಟಕದ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಡಿಸೆಂಬರ್ 31ರ ರಾತ್ರಿ ಆರಾಧನೆ ನಡುರಾತ್ರಿ ದಾಟುವವರೆಗೆ ನಡೆಯುತ್ತದೆ. ಪ್ರಸಂಗದ ಕ್ರಮ ಹೆಚ್ಚುಕಡಿಮೆ ಎಲ್ಲೆಡೆ ಒಂದೇ: ಕಳೆದ ವರ್ಷದ ಉಪಕಾರ ಸ್ಮರಣೆ, ತೀರಿಕೊಂಡವರ ನೆನಪು, ತಪ್ಪೊಪ್ಪಿಗೆ, ಮುಂದಿನ ವರ್ಷಕ್ಕೊಂದು ವಾಗ್ದಾನ ವಾಕ್ಯ.

ಶಾಲೆಯ ಪಾದ್ರಿಗೆ ಈ ಲೆಕ್ಕ ಎರಡು ಸಲ ಬರುತ್ತದೆ. ಡಿಸೆಂಬರಿನಲ್ಲಿ ಸಭೆಯ ಜೊತೆ, ಬೇಸಗೆಯಲ್ಲಿ ಹತ್ತನೆಯ ತರಗತಿಯ ಬೀಳ್ಕೊಡುಗೆಯ ಜೊತೆ. ಡಿಸೆಂಬರಿನ ಲೆಕ್ಕದಲ್ಲಿ ಜನ ಉಳಿದಿರುತ್ತಾರೆ, ವರ್ಷ ಹೋಗಿರುತ್ತದೆ. ಬೇಸಗೆಯದರಲ್ಲಿ ಜನರೇ ಹೊರಟಿರುತ್ತಾರೆ. ಫಲಿತಾಂಶದ ಹಾಳೆ ಗಣಿತ, ವಿಜ್ಞಾನ, ಭಾಷೆಗೆ ಅಂಕ ಕೊಡುತ್ತದೆ; ಪಾದ್ರಿಯ ಪಾಠಕ್ಕೆ ಅದರಲ್ಲಿ ಕಾಲಮ್ ಇಲ್ಲ. ಇದನ್ನು ಕೊರತೆ ಎನ್ನಬಹುದು, ಸ್ವಾತಂತ್ರ್ಯ ಎಂದೂ ಎನ್ನಬಹುದು. ಪರೀಕ್ಷೆಯಿಲ್ಲದ ಪಾಠವನ್ನು ಮಗು ಬಾಯಿಪಾಠ ಮಾಡಬೇಕಾಗಿಲ್ಲ.

ಮೂರು ಊರುಗಳ ಇತಿಹಾಸವನ್ನು ಜೊತೆಗಿಟ್ಟು ನೋಡಿದರೆ ಲೆಕ್ಕದ ರೀತಿ ಸ್ಪಷ್ಟವಾಗುತ್ತದೆ. ಅಂಕಿಗಳ ಪಟ್ಟಿ ಆ ವರ್ಷಕ್ಕೆ ಬೇಕಿತ್ತು, ಮುಂದಿನ ವರ್ಷ ಹಳತಾಯಿತು. ಪಕ್ಕದ ಕೆಲಸ ಎನಿಸಿದ್ದು, ಅಂದರೆ ಹಿಸ್ಲಪರ ಗೊಂಡಿ ಟಿಪ್ಪಣಿ, ಮ್ಯೋಗ್ಲಿಂಗರ ಪತ್ರಿಕೆ, ಕಿಟ್ಟೆಲರ ನಿಘಂಟು, ಪೋಪರ ಭಾಷಾಂತರ, ನೆರೆಹೊರೆಯ ಜನರ ಮಾತಿಗೆ ಕಿವಿಗೊಟ್ಟದ್ದರಿಂದ ಹುಟ್ಟಿ ಶತಮಾನ ದಾಟಿತು. ಬೋಧಿಸಲು ಬಂದವರು ಕೇಳಿಸಿಕೊಂಡಾಗ ಉಳಿದದ್ದು ಇದು. ಸಣ್ಣ ಊರಿನ ಪಾದ್ರಿಗೆ ನಿಘಂಟು ಬರೆಯುವ ಬಿಡುವು ಇರಲಾರದು. ಆದರೆ ಕೇಳಿಸಿಕೊಳ್ಳುವುದು ಅಸೆಂಬ್ಲಿ ಮುಗಿದ ಮೇಲಿನ ಕೆಲಸ. ಅದಕ್ಕೆ ಗಂಟೆಯೂ ಇಲ್ಲ, ವರದಿಯೂ ಇಲ್ಲ. ಜೂನಿನಲ್ಲಿ ಮೃಗ ಮಳೆ ಬಿದ್ದು ಶಾಲೆ ತೆರೆದಾಗ ಹೊಸ ಹೆಸರುಗಳ ಹಾಜರಿ ಪುಸ್ತಕದೊಡನೆ ಅದು ಮೊದಲಿನಿಂದ ಶುರುವಾಗುತ್ತದೆ.